ನಿಂತಲ್ಲೇ ತಿರುಗುವುದು

ತಣ್ಣೀರುಬಾವಿಯ ಗಾಳಿಮರಗಳ ಕೆಳಗೆ
ಎರಡು ಯಂತ್ರ ತಂದು ನಿಲ್ಲಿಸಿದ್ದಾರೆ, ಮರಳು ಬಾಚಲಿಕ್ಕೆ.
ಎರಡಕ್ಕೂ ಒಂದೇ ಬಣ್ಣ, ಒಂದೇ ರಬ್ಬರಿನ ಪಟ್ಟಾ,
ಹಿಂದೆ ಒಂದೇ ಅಳತೆಯ ಬಾಚಣಿಗೆ.
ಒಂದರೊಳಗೆ ಬಸ್ಸಿನ ಹಾಗೆ ದುಂಡು ಸ್ಟೇರಿಂಗ್,
ಇನ್ನೊಂದರೊಳಗೆ ಎರಡು ಕೋಲು.

ಕೊಯಮತ್ತೂರಿನ ಹುಡುಗ ಫೋನಿನಲ್ಲಿ ತೋರಿಸಿದ:
ಇವುಗಳ ಅಣ್ಣಂದಿರು ಯಾವುದೋ ಬೆಟ್ಟದಲ್ಲಿ
ರಾತ್ರಿಯಿಡೀ ಹಿಮ ಬಾಚುತ್ತಾರಂತೆ,
ಬೆಳಿಗ್ಗೆ ಜನ ಜಾರಲಿಕ್ಕೆ.
"ಜಾರಿ ಬೀಳಲಿಕ್ಕೆ ಇಷ್ಟು ಖರ್ಚಾ ಮಾರಾಯ?" ಅಂದ ಡೆನ್ಜಿಲ್.
ಅವನದ್ದು ರಿಕ್ಷಾ. ಹ್ಯಾಂಡಲ್ ಬಿಟ್ಟರೆ
ಬೇರೆ ಯಾವುದನ್ನೂ ಅವ ನಂಬುವುದಿಲ್ಲ.

ಪುತ್ರನ್ ಇಂಜಿನಿಯರು ನನ್ನ ಕಡೆ ತಿರುಗಿದರು:
ಓಡಿಸುವವರು ನೀವು, ಯಾವುದು ಆಗಬಹುದು ಹೇಳಿ.

ಹತ್ತೊಂಬತ್ತು ವರ್ಷ ಪಣಂಬೂರಿನಲ್ಲಿ
ಹಡಗಿನ ಹೊಟ್ಟೆಗೆ ಇಳಿದು
ಡೋಜರಿನಲ್ಲಿ ಕಲ್ಲಿದ್ದಲು ಗುಡಿಸಿದವ ನಾನು.
ಎಡದ್ದು ಎಳೆದರೆ ಎಡಗಾಲು ನಿಂತಿತು,
ಬಲದ್ದು ದೂಡಿದರೆ ಬಲಗಾಲು ನಡೆಯಿತು,
ಒಂದು ಮುಂದೆ ಒಂದು ಹಿಂದೆ ಮಾಡಿದರೆ
ನಿಂತಲ್ಲೇ ಬುಗುರಿ.
ಕಬ್ಬಿಣದ ನಾಲ್ಕು ಗೋಡೆಯ ನಡುವೆ
ಬೇರೆ ಹೇಗೆ ತಿರುಗುವುದು?
ಈಗಲೂ ನಿದ್ದೆಯಲ್ಲಿ ನನ್ನ ಮುಷ್ಟಿ ಎರಡೂ
ಬೇರೆ ಬೇರೆ ಆಡುತ್ತವಂತೆ;
ಮೊನ್ನೆ ಬೆನೆಡಿಕ್ಟಾಳ ದಿಂಬನ್ನೇ ರಿವರ್ಸ್ ಹಾಕಿದೆನಂತೆ.

ಮೊದಲು ಕೋಲಿನದ್ದು ಹತ್ತಿದೆ.
ಕೈಗೆ ಎಲ್ಲ ನೆನಪಿತ್ತು.
ಬಾಟ್ಲಿ, ಒಂಟಿ ಚಪ್ಪಲಿ, ಹರಿದ ಬಲೆ ಎತ್ತಿಕೊಂಡು
ಅಳಿವೆಯ ತುದಿವರೆಗೆ ಹೋಗಿ
ನಿಂತಲ್ಲೇ ತಿರುಗಿಸಿದೆ. ಜನ ಚಪ್ಪಾಳೆ ತಟ್ಟಿದರು.
ಇಳಿದು ನೋಡಿದರೆ
ಮೊಣಕಾಲಷ್ಟು ಹೊಂಡ, ಒಳಗೆ ನೀರು ಜಿನುಗುತ್ತಾ ಉಂಟು,
ಒಂದು ಏಡಿ ತನ್ನ ಬಾಗಿಲು ಎಲ್ಲಿ ಹೋಯಿತೆಂದು
ಅಡ್ಡಡ್ಡ ಓಡಾಡುತ್ತಾ ಉಂಟು.
ಕಲ್ಲಿದ್ದಲು ಯಾವತ್ತೂ ನನ್ನ ಹತ್ತಿರ ಲೆಕ್ಕ ಕೇಳಿದ್ದಿಲ್ಲ.

ದುಂಡಿನದ್ದು ಎಮ್ಮೆ.
ತಿರುಗಲಿಕ್ಕೆ ಅದಕ್ಕೆ ಅರ್ಧ ಬೀಚು ಬೇಕು.
ಬೈದುಕೊಂಡೇ ತಿರುಗಿಸಿದೆ.
ಆದರೆ ಹಿಂದೆ ನೋಡಿದರೆ
ಬಾಚಿದ ಗೆರೆ ಎಲ್ಲೂ ಕಡಿಯದೆ
ಬಾಗಿ ಬಂದಿತ್ತು,
ಮೀಯಿಸಿ ಕೂರಿಸಿದ ಮಗುವಿನ ತಲೆಯ ಹಾಗೆ.

"ದುಂಡಿನದ್ದೇ ಇರಲಿ" ಅಂದೆ.
"ನಿಮಗೆ ಕೋಲು ಅಭ್ಯಾಸ ಅಲ್ವಾ?"
"ಅದಕ್ಕೇ."
ಗಾಳಿಗೆ ಹಾರುವ ಹಾಳೆಯನ್ನು ಮೊಣಕೈಯಲ್ಲಿ ಒತ್ತಿ
ಪುತ್ರನರು ಬರಕೊಂಡರು.

ಸಂಜೆ ಕೋಲಿನದ್ದನ್ನು ಲಾರಿಗೆ ಹತ್ತಿಸಲಿಕ್ಕೆ
ಆ ಹುಡುಗನಿಗೆ ಬರಲಿಲ್ಲ.
ಎರಡು ಹಲಗೆ, ಅಂಚಿಗೆ ಎರಡೇ ಬೆರಳು ಜಾಗ.
ನಾನೇ ಹತ್ತಿಸಿದೆ,
ಹಿಮ್ಮುಖವಾಗಿ,
ಸ್ವಲ್ಪ ಹೊತ್ತು ಜಾಸ್ತಿಯೇ ತೆಗೆದುಕೊಂಡು.