ಬಕೆಟ್ ಹಿಡಿದವನು

ಕಥೆ ಎಂಟು ಕಂತು, ಹಣ ಎರಡು ಕಂತು,
ಇನ್ನೂರು ಪುಟ, ಆರು ವಾರ.
ಅಂಧೇರಿಯ ಆಫೀಸಿನಲ್ಲಿ ಕುರ್ಲೇಕರ್ ಮೇಡಂ
ಪೆನ್‌ಡ್ರೈವ್ ಕೊಟ್ಟು ಷರತ್ತು ಓದಿದರು:
ಸೀರಿಯಲ್ಲಿನಲ್ಲಿ ಸತ್ತವರು ಕಾದಂಬರಿಯಲ್ಲಿ ಬದುಕಬಾರದು,
ಬದುಕಿದವರು ಸಾಯಬಾರದು, ಮುಂದೆ ಎರಡನೇ ಸೀಸನ್ ಇದೆ.
ಪೆಂಗ್ವಿನ್ ಬೇಡ. ನಮ್ಮಲ್ಲಿಲ್ಲ, ಬಜೆಟ್ ಸಾಲಲಿಲ್ಲ.
ನಾಯಿಯನ್ನಂತೂ ಮುಟ್ಟಲೇಬೇಡಿ.

ಸಿದ್ಧ ಅಚ್ಚಿಗೆ ಪಾಕ ಹೊಯ್ಯುವ ಕೆಲಸ.
ಮೊದಲೂ ಮಾಡಿದ್ದೇನೆ, ಒಂದು ದೆವ್ವದ ಸಿನಿಮಾ, ಎರಡು ಪತ್ತೇದಾರಿ.
ಇದು ದಕ್ಷಿಣ ಧ್ರುವ, ಇಸವಿ ಎರಡು ಸಾವಿರದ ನೂರ ನಾಲ್ಕು,
ಎರಡು ಮೈಲಿ ಮಂಜಿನ ಕೆಳಗೆ ಏನೋ ಉಸಿರಾಡುತ್ತಿದೆ,
ಮೇಲೆ ಏಳು ಜನ, ಒಂದು ನಾಯಿ, ಆರು ತಿಂಗಳ ಇರುಳು.
ನಾನು ಡೊಂಬಿವಲಿಯ ಮೂರನೇ ಮಹಡಿಯಲ್ಲಿ, ಮೇ ತಿಂಗಳು,
ಹಾಳೆಗೆ ಮೊಣಕೈ ಅಂಟುತ್ತದೆ.
ನನ್ನ ಬನಿಯನ್ ಹಿಂಡಿ ಹರವುತ್ತಾ ಹೆಂಡತಿ ಕೇಳುತ್ತಾಳೆ,
ಇವತ್ತು ಎಷ್ಟು ಡಿಗ್ರಿ ಅಲ್ಲಿ?
ಮೈನಸ್ ಅರವತ್ತೆಂಟು.
ಹಾಗಾದರೆ ಫ್ಯಾನ್ ಆರಿಸಲಾ?

ಚಳಿ ಎಂದು ನಲವತ್ತು ಸಲ ಬರೆದೆ,
ಒಂದೂ ತಣ್ಣಗಾಗಲಿಲ್ಲ.
ಬೈಕಲಾಕ್ಕೆ ಹೋಗಿ, ಟಿಕೆಟ್ ಕೊಂಡು, ಬೇಡವೆಂದ ಪೆಂಗ್ವಿನ್ನನ್ನೇ ನೋಡಿದೆ.
ಅವು ಗಾಜಿನಾಚೆ. ನಾನು ಈಚೆ, ಬೆವರುತ್ತಾ.
ಕೊನೆಗೆ ಯಾರೋ ಹೇಳಿದರು, ಸಸೂನ್ ಡಾಕಿಗೆ ಹೋಗು ಮಾರಾಯ.

ನಸುಕಿನ ನಾಲ್ಕು. ಬೊಂಬಿಲಿನ ನಾತ, ಕೋಲಿ ಹೆಂಗಸರ ಬೈಗುಳ,
ಹಲಗೆಯ ಮೇಲೆ ಜಾರಿ ಬರುವ ಐಸಿನ ದಿಮ್ಮಿಗಳು,
ಅವುಗಳ ಹಿಂದೆ ಕೊಕ್ಕೆ ಹಿಡಿದ ಶಹಾಪುರದ ದೇವಿಂದ್ರಪ್ಪ.
ಇಪ್ಪತ್ತೆರಡು ವರ್ಷದಿಂದ ಕೋಲ್ಡ್ ಸ್ಟೋರೇಜಿನಲ್ಲಿ.
ಬಾಗಿಲು ತೆಗೆದು ಒಳಗೆ ಬಿಟ್ಟ. ಮೂಗಿನ ಕೂದಲು ಕಡ್ಡಿಯಾಯಿತು.
ಚಳಿ ಎಲ್ಲಿ ನೋಯುತ್ತದೆ, ಕೇಳಿದೆ.
ಬರೆದುಕೊಳ್ಳಲು ಹೋದರೆ ಪೆನ್ನು ಮೂಡಲಿಲ್ಲ.
‘ಥಂಡ್ಯಾಗ ಇದ್ದಾಗ ನೋಯಂಗಿಲ್ರಿ.
ಹೊರಗ ಬಂದು ಚಾದ ಗ್ಲಾಸ್ ಹಿಡೀರಿ, ಆಗ ನೋಡ್ರಿ.’

ಮೂರನೇ ಕಂತು, ಹನ್ನೆರಡನೇ ನಿಮಿಷ.
ನಾಯಕಿ ಮಾತಾಡುತ್ತಿದ್ದಾಳೆ, ಮನುಕುಲದ ಬಗ್ಗೆ.
ಅವಳ ಬೆನ್ನ ಹಿಂದೆ ಒಬ್ಬ ಬಕೆಟ್ ಹಿಡಿದು
ಬಾಗಿಲು ತೆರೆದು ಹಿಮಗಾಳಿಗೆ ಹೋಗುತ್ತಾನೆ.
ಮರಳಿ ಬರುವುದಿಲ್ಲ.
ಏಳು ಜನರ ಲೆಕ್ಕದಲ್ಲೂ ಅವನಿಲ್ಲ.
ಹಿಂದಕ್ಕೋಡಿಸಿ ಹಿಂದಕ್ಕೋಡಿಸಿ ನೋಡಿ
ರಾತ್ರಿಯೇ ಫೋನ್ ಮಾಡಿದೆ: ಮೇಡಂ, ಇವನು ಸತ್ತನೋ, ಬದುಕಿದನೋ?
ಯಾರು?
ಬಕೆಟ್ ಹಿಡಿದವನು.
ಎಕ್ಸ್‌ಟ್ರಾ ರೀ ಅವನು. ಗೋರೆಗಾಂವಿನಿಂದ ಲೋಕಲ್ ಹಿಡಿದು ಮನೆಗೆ ಹೋಗಿರಬೇಕು.

ಷರತ್ತಿನಲ್ಲಿ ಅವನ ಬಗ್ಗೆ ಒಂದಕ್ಷರವಿಲ್ಲ.
ಅಷ್ಟು ಜಾಗ ಸಾಕಾಯಿತು ನನಗೆ.
ದೇವಿಂದ್ರ ಎಂದು ಹೆಸರಿಟ್ಟೆ.
ಮಂಜು ಕಡಿದು ತಂದು ಕರಗಿಸಿ
ಏಳು ಜನರಿಗೆ ಕುಡಿಯುವ ನೀರು ಮಾಡುವವನು.
ಕೆಳಗಿನ ಆ ಉಸಿರು ಮೊದಲು ತಿಳಿದದ್ದು ಅವನಿಗೇ,
ಯಂತ್ರಗಳಿಗಲ್ಲ; ಊರಿದ ಕೊಕ್ಕೆಯ ಹಿಡಿಯಿಂದ ಅಂಗೈಗೆ.
ಹೇಳಿದರೆ ಪಗಾರ ಕಡಿದಾರೆಂದು ಹೇಳಲಿಲ್ಲ.
ಹದಿನೇಳು ಪುಟ ಬರೆದೆ,
ಮೂರನ್ನು ಕಲ್ಯಾಣ್ ಫಾಸ್ಟಿನಲ್ಲಿ ನಿಂತುಕೊಂಡೇ.

ಮೇಡಂ ಹದಿನಾರು ತೆಗೆದರು.
ಉಳಿದದ್ದು ತೊಂಬತ್ತೊಂದನೇ ಪುಟ:
ಅವನು ಒಳಗೆ ಬರುತ್ತಾನೆ, ಒಲೆಯ ಮೇಲಿನ ತಂಬಿಗೆ ಹಿಡಿಯುತ್ತಾನೆ,
ಬೆರಳಿಗೆ ಜೀವ ಮರಳುವಾಗ
ಯಾರಿಗೂ ಕೇಳಿಸದಂತೆ ಅವುಡುಗಚ್ಚುತ್ತಾನೆ.

ಆಗಸ್ಟಿನಲ್ಲಿ, ದೋಣಿಗಳು ಮತ್ತೆ ಕಡಲಿಗಿಳಿದ ವಾರ,
ಒಂದು ಪ್ರತಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಡಾಕಿಗೆ ಒಯ್ದೆ.
ಮೀನಿನ ಪೆಟ್ಟಿಗೆಯ ಮೇಲೆ ಕೂತು ಅವನ ಮಗಳು ಓದಿದಳು,
ಮುನ್ಸಿಪಾಲ್ಟಿ ಕನ್ನಡ ಶಾಲೆ, ಏಳನೇ ಇಯತ್ತೆ,
ಬೆರಳಿಟ್ಟು, ಗಟ್ಟಿಯಾಗಿ, ಒಂದೂ ತಪ್ಪಿಲ್ಲದೆ.
ದೇವಿಂದ್ರಪ್ಪ ತಲೆ ಬಗ್ಗಿಸಿ ಕೇಳಿದ.
‘ಬಕೆಟ್ ಯಾಕ್ರಿ, ಅದಕ್ಕ ಟೋಕ್ರಿ ಬೇಕು’ ಅಂದ.
ಸ್ವಲ್ಪ ಹೊತ್ತು ಬಿಟ್ಟು,
‘ಆಮ್ಯಾಲೇನಾತು ಅಂವಗ?’

ಹುಡುಗಿ ಪುಟ ತಿರುಗಿಸಿದಳು.
ಅಲ್ಲಿ ನಾಯಿ ಬೊಗಳುತ್ತಿತ್ತು.