ಉಪ್ಪಿನ ಗೆರೆ

ನಕ್ಷೆಯಲ್ಲಿ ಸ್ವರ್ಣೆ ನೀಲಿ.
ಮಣಿಪಾಲದ ಎ.ಸಿ. ಕೋಣೆಯೊಳಗೆ
ಅದು ಕಡಲಿನ ಕಡೆಗೆ ಮಾತ್ರ ಹರಿಯುತ್ತದೆ.

ಎರಡು ಸಾವಿರದ ಐವತ್ತೈದಕ್ಕೆ
ಪೇಟೆಗೆಷ್ಟು ನೀರು, ಗದ್ದೆಗೆಷ್ಟು, ಬಡಾವಣೆಗೆಷ್ಟು ನೆಲ
ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಹಂಚಿದರು.
ನನ್ನ ಪಾಲಿಗೆ ಒಂದು ಗೆರೆ:
ಅಷ್ಟು ಹೊತ್ತಿಗೆ ಉಪ್ಪು ಎಲ್ಲಿಯವರೆಗೆ ಬಂದಿರುತ್ತದೆ.

ಮಾರ್ಚಿ ತಿಂಗಳ ಬಿಸಿಲಿಗೆ, ಮೀಟರು ಹೆಗಲಿಗೆ ಹಾಕಿ
ಕಲ್ಯಾಣಪುರದಲ್ಲಿ ಬಾವಿಯಿಂದ ಬಾವಿಗೆ ನಡೆದೆ.
ಹೊಳೆ ಆಗ ಭರತದಲ್ಲಿ, ಮೂಡು ಮುಖ ಮಾಡಿ
ಒಂದು ತೆಂಗಿನ ಸೋಗೆಯನ್ನು ಮೇಲಕ್ಕೆ ಒಯ್ಯುತ್ತಿತ್ತು.

ಸಿಸಿಲಿ ಬಾಯಿ ಕೊಡಪಾನ ಎಳೆದು
ಅಂಗೈಯ ನೀರಿಗೆ ನಾಲಗೆ ತಾಗಿಸಿದರು.
"ಹೋದ ವರ್ಷ ಈ ರುಚಿ ಬಂದದ್ದು ಈಸ್ಟರ್ ಕಳೆದ ಮೇಲೆ.
ಈಗ ಗರಿಗಳ ಭಾನುವಾರವೂ ಆಗಲಿಲ್ಲ."
ಮೀಟರು ತುಸು ಯೋಚಿಸಿ ಅಂಕಿ ತೋರಿಸಿತು.
ಅಂಕಿ ಬರೆದುಕೊಂಡೆ.
ಈಸ್ಟರ್ ಬರೆಯಲು ಕಾಲಂ ಇರಲಿಲ್ಲ.

ಆಚೆ ಬೈಲು. ಬೈಲಿನ ಮೇಲೆ ಮಜಲು, ಅದರ ಮೇಲೆ ಬೆಟ್ಟು.
ಮೂರು ಬೆಳೆ, ಎರಡು ಬೆಳೆ, ಮಳೆ ನಂಬಿದ ಒಂದೇ ಬೆಳೆ;
ನೀರು ಎಷ್ಟು ದಿನ ನಿಲ್ಲುತ್ತದೆಂದು ಕಾದು ನೋಡಿ
ಯಾರೋ ನೆಲಕ್ಕೆ ಹೆಸರಿಟ್ಟಿದ್ದರು.
ನಮ್ಮ ನಕ್ಷೆಯಲ್ಲಿ ಮೂರಕ್ಕೂ ಹಳದಿ:
'ಅಭಿವೃದ್ಧಿಗೆ ಯೋಗ್ಯ'.

ತೋಡಿನಲ್ಲಿ ಬೊಗ್ಗು ಪೂಜಾರಿ ಕಟ್ಟದ ಬಿರುಕಿಗೆ
ಮಣ್ಣು ಮೆತ್ತುತ್ತಿದ್ದರು, ಮೊಣಕಾಲವರೆಗೆ ಕೆಸರು.
ದೀಪಾವಳಿ ಕಳೆದು ಕಟ್ಟುವುದು,
ಪತ್ತನಾಜೆಗೆ ಮೊದಲು ತಾವೇ ಬಿಡಿಸುವುದು.
"ಎಷ್ಟು ವರ್ಷಕ್ಕೆ ಇದು?" ಕೇಳಿದೆ.
"ಒಂದು ವರ್ಷಕ್ಕೆ."
ಕೈ ತೊಳೆಯುತ್ತ ಮತ್ತೆ ಅಂದರು,
"ನನ್ನ ಅಜ್ಜನದ್ದೂ ಒಂದು ವರ್ಷದ್ದೇ.
ಅವರ ಅಜ್ಜನದ್ದೂ."
ಆಮೇಲೆ, ನನ್ನ ಫೈಲು ನೋಡಿ:
"ಮೊದಲು ಮನೆಗೊಬ್ಬ ಬರುತ್ತಿದ್ದ. ಈ ಸಲ ನಾಲ್ಕೇ ಜನ.
ನಿಮ್ಮ ಯೋಜನೆಯಲ್ಲಿ ಜನ ಉಂಟಾ?"

ನೀರು ಉಂಟು, ನೆಲ ಉಂಟು, ಕಾಂಕ್ರೀಟು ಉಂಟು.
ಪುಟ ತಿರುವುವ ಹಾಗೆ ಮಾಡಿದೆ.

ಸೋಮವಾರ ಗೆರೆ ಎಳೆದು ಕೊಟ್ಟೆ.
ಸಾಹೇಬರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ
"ಇದು ಸ್ವಲ್ಪ ಪಡುವಕ್ಕೆ ಸರಿಯಲಿಕ್ಕಿಲ್ಲವಾ?
ಇಲ್ಲಿ ಲೇಔಟಿಗೆ ಒಪ್ಪಿಗೆ ಆಗಿಯಾಯಿತಲ್ಲ" ಎಂದು
ಮೆತ್ತಗೆ, ಬೈಯದೆ, ರಬ್ಬರು ಮುಂದೆ ದೂಡಿದರು.

ರಬ್ಬರು ಈಗಲೂ ನನ್ನ ಮೇಜಿನ ಮೇಲಿದೆ.
ನಕ್ಷೆಯ ಅಂಚಿನಲ್ಲಿ, ಮಾಪಕದ ಕೆಳಗೆ,
ಶಾಯಿಯಲ್ಲಿ ಎರಡು ಸಾಲು ಬರೆದಿದ್ದೇನೆ:
ಸಿಸಿಲಿ ಬಾಯಿಯ ಬಾವಿ, ಈಸ್ಟರಿಗೆ ಹದಿನಾರು ದಿನ ಮೊದಲು.
ಕಟ್ಟಕ್ಕೆ ಬಂದವರು, ನಾಲ್ಕು.