ಕರೆಂಟ್ ಹತ್ತದ ತಂತಿ

ಸೂಪರ್ ಮಾರ್ಕೆಟಿನಾಗ ಮುನೀರುದ್ದೀನನ ಅಂಗಡಿ.
ಹಾರ್ಮೋನಿಯಂ, ಢೋಲಕ್, ಮದುವಿ ಬ್ಯಾಂಡಿನ ತುತ್ತೂರಿ,
ನಡಕ ಮೂರೇ ಮೂರು ಗಿಟಾರು
ಪ್ಲಾಸ್ಟಿಕ್ ಹೊದ್ದು ನೇತಾಡತಿದ್ದವು.
ಕಲಬುರಗಿ ಬಿಸಿಲು. ಬಾಗಿಲ ಪರದಿ ಸೈತ ಅಲ್ಲಾಡವಲ್ದು.

"ಸ್ಟೀಲ್ ತಂತೀದು ಸಸ್ತಾ ಅದ, ತಗೋರಿ" ಅಂದ.
ಎಡಗೈ ಚಾಚಿ ತೋರಿಸಿದೆ.
ನಡುಬೆರಳು, ಉಂಗುರಬೆರಳು, ಎರಡರ ತುದಿ
ಆಳಂದ ರೋಡಿನ ಕಂಬಕ್ಕ ಕೊಟ್ಟು ಬಂದು
ಹನ್ನೊಂದು ವರ್ಷ ಆತು.
ಚರ್ಮ ಬಂತು, ಹೊಲಿಗಿ ಬಿಚ್ಚಿದ್ರು,
ಒಳಗಿನ ಖಬರು ಮಾತ್ರ ತಿರುಗಿ ಬರಲಿಲ್ಲ.
ಸಬ್‌ಸ್ಟೇಷನ್ನಿನ ರಾತ್ರಿ ಪಾಳಿಯಾಗ
ಸಾಲೋಮನ್ನನ ಹಳೇ ಗಿಟಾರು ಬಾರಿಸ್ತಿದ್ದೆ.
ತಂತಿ ಕೊಯ್ದದ್ದು ಬೆರಳು ಹೇಳ್ತಿರಲಿಲ್ಲ,
ಕಟ್ಟಿಗಿ ಮ್ಯಾಲಿನ ರಕ್ತ ಹೇಳ್ತಿತ್ತು.

"ಹಂಗಾದ್ರ ನೈಲಾನ್" ಅಂತ ಮೂಲಿಯೊಳಗಿಂದು ಇಳಿಸಿದ.
ಮೂರು ತಂತಿ ಮೀನಿನ ಗಾಳದ ದಾರದಂಗ,
ಮೂರಕ್ಕ ಬೆಳ್ಳಿ ಬಣ್ಣದ ಸುತ್ತು.
ಎಳೆದೆ.
ಎಣ್ಣಿ ಬಿಟ್ಟ ಬಾಗಿಲು ತೆಗೆದಂಗ ಮೆತ್ತಗಿನ ದನಿ.

ಬರೇ ಕಟ್ಟಿಗೀದಾದ್ರ ಐದೂವರಿ ಸಾವಿರ.
ಪಿಕಪ್ಪು, ವಯರು ಚುಚ್ಚೋ ತೂತು, ಬಗಲಾಗ ನಾಕು ಗುಂಡಿ,
ಇದು ಎಂಟು ಸಾವಿರದ ಎರಡು ನೂರು.
"ಮನ್ಯಾಗ ಬಾರಿಸೋರಿಗಿ ಅದೆಲ್ಲ ಯಾಕಣ್ಣ?"
ಮೂವತ್ತು ವರ್ಷ ಊರಿಗೆಲ್ಲ ಕರೆಂಟ್ ಹಂಚೀನಿ ಸೇಠ,
ಒಂದು ಎಳಿ ನನಗ ಬ್ಯಾಡೇನು?

"ಆದ್ರ ನೈಲಾನಿನ ಮಾತು ಅಯಸ್ಕಾಂತ ಕೇಳೂದಿಲ್ಲ,"
ಮುನೀರ ಬಿಳಿ ಎಲುಬಿನ ಮ್ಯಾಲ ಉಗುರು ಇಟ್ಟ,
"ಇದರ ಬುಡಕ ಒಂದು ಪಟ್ಟಿ ಅದ,
ತಂತಿ ನಡಗಿದ್ದು, ಒತ್ತಿದ್ದು ಅದಕ್ಕ ತಿಳೀತದ."
ಅಂದ್ರ ಇದು ಕರೆಂಟ್ ಹತ್ತದ ತಂತಿ.
ಗೊತ್ತಾತು. ಗೊತ್ತಾದ ಮ್ಯಾಲೂ
ನನ್ನ ಕೈ ತಾನೇ ಮಗ್ಗಲಾಗಿ
ಬೆರಳಿನ ಹಿಂಬದಿಲೆ ಮೊದಲು ಮುಟ್ಟಿ ನೋಡಿತು.

ಒಳಗಿನ ಚೌಕ ಬ್ಯಾಟರಿ ಸತ್ತಿತ್ತು.
ಚೀಲದಾಗಿನ ನನ್ನ ಮೀಟರ್ ಬಿಚ್ಚಿ
ಅದರದೇ ತೆಗೆದು ಹಾಕಿದೆ.
ವಯರು ಚುಚ್ಚಬೇಕು, ಲೈಟ್ ಹೋತು.
ಆ ಕ್ಷಣಕ್ಕೇ ಫೋನು, ಭೀಮಾಶಂಕರ:
"ಅಣ್ಣ, ರಜಾದಾಗ ಇದ್ದೀರಿ ಗೊತ್ತದ, ಫೀಡರ್ ಟ್ರಿಪ್..."
"ಶಾಲಿ ಹಿಂದಿನ ಬೇವಿನ ಟೊಂಗಿ ನೋಡು" ಅಂದು ಇಟ್ಟೆ.

ಕತ್ತಲ್ಯಾಗ ಚಾ ಬಂತು.
ಬೆವರು ಒರಸ್ಕೋತ ಇಬ್ಬರೂ ಚೌಕಾಶಿ ಮಾಡಿದೆವು.
ಏಳು ಸಾವಿರದ ಎಂಟು ನೂರಕ್ಕ ನಿಂತಿತು,
ಚೀಲ, ಪಟ್ಟಾ ಮುಫತ್.
ಬ್ಯಾಟರಿ ನನ್ನದೇ ಹೋತು, ಅದು ಲೆಕ್ಕಕ್ಕ ಬರಲಿಲ್ಲ.

ಲೈಟ್ ಬಂತು. ಸ್ಪೀಕರ್ ಡಬ್ಬಿ ಗುಂಯ್ ಅಂತು.
ಟ್ರಾನ್ಸ್‌ಫಾರ್ಮರಿನ ನೆಳ್ಳಾಗ ಕುಂತು
ಬುತ್ತಿ ಉಂಡವ ನಾನು, ಆ ದನಿ ಗೊತ್ತಿಲ್ಲೇನು?
ಎಲ್ಲಕ್ಕಿಂತ ದಪ್ಪ ತಂತಿ, ಮೂರನೇ ಮನಿ,
ಒತ್ತಿ ಎಳೆದೆ.
ಅದೇ ಸುರ, ಕೂದಲೆಳಿಯಷ್ಟು ಕೆಳಗ.
"ಬೇಸೂರ ಅದ ಏನ್ರಿ?" ಮುನೀರ ಗಾಬರಿಯಾದ.
ಗಿಟಾರು ಬರೋಬರಿ ಅದ, ಮಾರಾಯ.
ನಮ್ಮ ಲೈನ್ ಒಂದೀಟು ಮ್ಯಾಲದ.

ಶಹಾಬಜಾರಿನ ಮನಿ ಮುಟ್ಟೂದ್ರಾಗ ಸಂಜಿ.
ನೀಲಗಂಗಾ ಎಷ್ಟು ಕೊಟ್ರಿ ಅಂತ ಕೇಳಲಿಲ್ಲ,
ಚೀಲದ ಜಿಪ್ಪು ತಾನೇ ಎಳೆದಳು,
ಕಟ್ಟಿಗಿ ವಾಸನಿ ನೋಡಿದಳು.
ಮಗನ ಹಳೇ ಸ್ಪೀಕರ್ ತಂದು ಪಿನ್ನು ಚುಚ್ಚಿದೆ.
ಸಾಕೆಟ್ ಅರ್ಧಾ ಗೋಡಿ ಬಿಟ್ಟು ಹೊರಗ ಬಂತು.

ಮಿಕ್ಸರ್ ಹಚ್ಚಿದ್ರ ಅಲ್ಲಾಡತದ,
ಮಿಕ್ಸರ್ ಹಚ್ಚಿದ್ರ ಅಲ್ಲಾಡತದ ಅಂತ
ಆರು ವರ್ಷ ಹೇಳಿ ಹೇಳಿ ಬಿಟ್ಟಾಕಿ
ರೊಟ್ಟಿ ಬಡಿಯೋ ಕೈ ನಿಂದ್ರಿಸಿ
ಹೊಟ್ಟಿ ಹಿಡ್ಕೊಂಡು ನಕ್ಕಳು.

ಗಿಟಾರು ಮಂಚದ ಮ್ಯಾಲ ಮಲಗಿಸಿ
ಮೇನ್ ಇಳಿಸಿದೆ.
"ಬ್ಯಾಟರಿ ಹಿಡಿ, ನೀಲಾ" ಅಂದೆ ಕತ್ತಲಿಗಿ,
"ಸ್ಕ್ರೂಡ್ರೈವರ್ ಎಲ್ಲಿಟ್ಟೀನೋ ಕಾಣವಲ್ದು."